ಜಿಪ್ಸಂ ಬೋರ್ಡ್ ಹಾಕಿಸುವ ಮುನ್ನ

ನಿಮ್ಮ ಹಳೇ ಮನೆಯಲ್ಲಿ ಸೀಲಿಂಗ್ ಗಾರೆ ಉದುರುತ್ತಿದೆಯೇ? ಜಿಪ್ಸಂ ಬೋರ್ಡಿನಿಂದ ಮುಚ್ಚಿಬಿಡುವ ಅವಸರ ಬೇಡ. ಮೊದಲು ಕೋಲಿನಿಂದ ತಟ್ಟಿ ನೋಡಿ. ಡಬ್ ಡಬ್ ಎಂದು ಟೊಳ್ಳು ಸದ್ದು ಬಂದ ಕಡೆ ಗಾರೆ ಬಿಟ್ಟುಕೊಂಡಿರುತ್ತದೆ; ಅಲ್ಲೆಲ್ಲ ಕೆತ್ತಿಸಿ. ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬಿದ್ದರೆ ತಪ್ಪದೆ ಇಂಜಿನಿಯರಿಗೆ ತೋರಿಸಿ.

ತಾರಸಿಯ ಸೋರಿಕೆ ನಿಲ್ಲಿಸದೆ ಬೋರ್ಡ್ ಹಾಕಿಸಿದರೆ, ಸೆಪ್ಟೆಂಬರ್ ಮಳೆಗೆ ಅದೂ ನೆಂದು ಜೋತುಬೀಳುತ್ತದೆ. ಕೋಣೆಗಳಿಗೆ 12.5 ಮಿ.ಮೀ. ಬೋರ್ಡ್ ಸಾಕು, ಬಚ್ಚಲುಮನೆಗೆ ತೇವ ತಡೆಯುವ ಹಸಿರು ಬೋರ್ಡೇ ಇರಲಿ. ಬೋರ್ಡ್ ಹಿಡಿದಿಡುವ ಜಿ.ಐ. ಫ್ರೇಮನ್ನು ಗಟ್ಟಿ ಕಾಂಕ್ರೀಟಿಗೇ ಬಿಗಿಸಲಿ. ಫ್ಯಾನಿನ ಭಾರ ಬೋರ್ಡಿನ ಮೇಲೆ ಬೀಳಬಾರದು, ಆರ್‌ಸಿಸಿಯ ಕೊಕ್ಕೆಗೇ ನೇತುಹಾಕಿಸಿ. ಖರ್ಚು ಸ್ವಲ್ಪ ಹೆಚ್ಚಾದರೂ ಸರಿ, ಈ ಕ್ರಮ ತಪ್ಪಿಸಬೇಡಿ.