ನೊಂದವರ ಪಕ್ಕದಲ್ಲಿ ಕುಳಿತುಕೊಳ್ಳುವ ವಿದ್ಯೆ



ಸಾವಿನ ಮನೆಗೆ ಹೋದಾಗ ನೀವು ಏನು ಹೇಳುತ್ತೀರಿ? "ಅಳಬೇಡಮ್ಮಾ, ಎಲ್ಲ ದೇವರ ಚಿತ್ತ." "ಮಕ್ಕಳ ಮುಖ ನೋಡಿ ಧೈರ್ಯ ತಂದುಕೋ." "ಆದದ್ದು ಆಗಿಹೋಯಿತು, ಮರೆತುಬಿಡು." ದೇವನೂರಿನಲ್ಲಾಗಲಿ ಕಡೂರಿನಲ್ಲಾಗಲಿ, ನಮ್ಮ ಬಾಯಿಗೆ ಮೊದಲು ಬರುವುದು ಇವೇ ಮಾತುಗಳು. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ನೊಂದವರ ಕಿವಿಗೆ ಅದು ಬೇರೆಯಾಗಿ ಕೇಳಿಸುತ್ತದೆ: ನಿನ್ನ ದುಃಖವನ್ನು ನನ್ನ ಮುಂದೆ ಬಿಚ್ಚಬೇಡ ಎಂದು.

ಒಂದು ಮನೆಯನ್ನು ಊಹಿಸಿಕೊಳ್ಳಿ. ಹೆದ್ದಾರಿಯಲ್ಲಿ ಬೈಕಿಗೆ ಲಾರಿ ಬಡಿದು ತಂದೆ ತೀರಿಕೊಂಡರು. ಹಿಂದೆ ಕುಳಿತಿದ್ದ ಹತ್ತು ವರ್ಷದ ಮಗ ಬದುಕಿದ. ಆರು ತಿಂಗಳಾದರೂ ಲಾರಿಯ ಹಾರನ್ ಕೇಳಿದರೆ ಹುಡುಗ ಬೆಚ್ಚಿಬೀಳುತ್ತಾನೆ, ರಾತ್ರಿ ಚೀರಿ ಏಳುತ್ತಾನೆ, ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆ. ಶಾಲೆಯ ಮೇಷ್ಟ್ರು ಸೋಮಾರಿ ಎನ್ನುತ್ತಾರೆ. ಅಜ್ಜಿ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುತ್ತಾರೆ. ಅವನಿಗೆ ಆಗಿರುವುದು ಆಘಾತ. ಅಪಾಯ ಬಂದಾಗ ನಮ್ಮ ಶರೀರದೊಳಗೆ ಒಂದು ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಎದೆ ಬಡಿದುಕೊಳ್ಳುತ್ತದೆ, ಮೈ ಬೆವರುತ್ತದೆ. ಅಪಾಯ ಕಳೆದ ಮೇಲೆ ಗಂಟೆ ನಿಲ್ಲಬೇಕು. ಕೆಲವರಲ್ಲಿ ಅದು ನಿಲ್ಲುವುದಿಲ್ಲ. ಅವರ ಪಾಲಿಗೆ ಆ ದಿನ ಇನ್ನೂ ಮುಗಿದಿಲ್ಲ. ಹೀಗಿರುವಾಗ "ಮರೆತುಬಿಡು" ಎಂಬ ಮಾತಿಗೆ ಅರ್ಥವೆಲ್ಲಿ?

ಇದನ್ನು ಒಂದು ಕಾಯಿಲೆಯೆಂದು ಅಮೆರಿಕದ ಮನೋವೈದ್ಯರು ತಮ್ಮ ಪಟ್ಟಿಗೆ ಸೇರಿಸಿದ್ದು 1980ರಲ್ಲಿ. ಮರುವರ್ಷವೇ, 1981ರ ಫೆಬ್ರವರಿ 7ರಂದು, ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹುಪಾಲು ಮಕ್ಕಳು. ಆ ಮನೆಗಳವರ ದುಃಖವನ್ನು ನಿಮ್ಹಾನ್ಸ್ ಸಂಸ್ಥೆಯವರು ಅಧ್ಯಯನ ಮಾಡಿದರು. ಮುಂದೆ 1984ರ ಭೋಪಾಲದ ಅನಿಲ ದುರಂತ, 1999ರ ಒಡಿಶಾದ ಚಂಡಮಾರುತ, 2001ರ ಗುಜರಾತಿನ ಭೂಕಂಪ, 2004ರ ಸುನಾಮಿ, ಎಲ್ಲೆಡೆಗೂ ನಮ್ಮ ರಾಜ್ಯದ ಈ ಸಂಸ್ಥೆಯವರು ಹೋದರು. ಡಾ. ಆರ್. ಶ್ರೀನಿವಾಸಮೂರ್ತಿಯವರಂಥ ಹಿರಿಯ ಮನೋವೈದ್ಯರು ಈ ಕೆಲಸದಲ್ಲಿ ಮುಂದಿದ್ದರು. ಲಕ್ಷಾಂತರ ಜನ ನೊಂದಿರುವಾಗ ಮನೋವೈದ್ಯರು ಎಷ್ಟು ಮಂದಿ ಸಿಕ್ಕಾರು? ಆದ್ದರಿಂದ ಊರಿನ ಸಾಮಾನ್ಯ ಕಾರ್ಯಕರ್ತರಿಗೇ ತರಬೇತಿ ಕೊಟ್ಟರು.

ಅವರಿಗೆ ಕಲಿಸಿದ್ದು ಏನನ್ನು? ನೊಂದವರು ಮನಸ್ಸಿನಲ್ಲಿರುವುದನ್ನು ಹೊರಹಾಕಲು ಬಿಡುವುದು, ಅವರ ಜಾಗದಲ್ಲಿ ನಿಂತು ನೋಡುವುದು, ಗಮನವಿಟ್ಟು ಆಲಿಸುವುದು, ಬಂಧುಬಳಗದ ಆಸರೆಯನ್ನು ಮತ್ತೆ ಕಟ್ಟುವುದು, ದಿನನಿತ್ಯದ ಕೆಲಸಕ್ಕೆ ಕೈಹಚ್ಚಿಸುವುದು, ವಿಶ್ರಾಂತಿ ಮತ್ತು ಆಟಪಾಟ, ಕೊನೆಗೆ ಅವರವರ ದೇವರ ಮೇಲಿನ ನಂಬಿಕೆ. ಉಪದೇಶ ಈ ಪಟ್ಟಿಯಲ್ಲಿ ಇಲ್ಲ! ನಾವು ಗುರುಗಳು ಇದನ್ನು ಎರಡು ಸಲ ಓದಿಕೊಳ್ಳಬೇಕು.

ಹಾಗೆಂದು "ಹೇಳು, ಹೇಳು, ಏನಾಯಿತು?" ಎಂದು ಕೆದಕುವುದೂ ಸಲ್ಲದು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಕೈಪಿಡಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಯಾರನ್ನೂ ಬಲವಂತದಿಂದ ಮಾತನಾಡಿಸಬಾರದು. ಒಳ್ಳೆಯ ಚಿಕಿತ್ಸಕರು ಮೊದಲು ಮಾಡುವುದು ಇಷ್ಟೇ: ಇಲ್ಲಿ ನಿನಗೆ ಅಪಾಯವಿಲ್ಲ ಎಂದು ಎದುರಿಗೆ ಕುಳಿತವರಿಗೆ ಅನ್ನಿಸುವಂತೆ ಮಾಡುತ್ತಾರೆ. ಬಾಗಿಲು ತೆರೆದಿರಲೇ, ಮುಚ್ಚಲೇ ಎಂದು ಕೇಳುತ್ತಾರೆ. ಇಂದು ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅವರಿಗೇ ಬಿಡುತ್ತಾರೆ. ಆಘಾತವಾದ ದಿನ ಅವರ ಕೈಯಲ್ಲಿ ಏನೂ ಇರಲಿಲ್ಲವಲ್ಲ! ಚಿಕ್ಕ ಚಿಕ್ಕ ತೀರ್ಮಾನಗಳನ್ನು ಅವರ ಕೈಗೆ ಹಿಂದಿರುಗಿಸುವುದೇ ಚಿಕಿತ್ಸೆಯ ಆರಂಭ.

ಶುಭಸಂದೇಶ ಬಲ್ಲವರಿಗೆ ಇದು ಹೊಸದೆನಿಸದು. ಎಮ್ಮಾವುಸಿನ ದಾರಿಯಲ್ಲಿ ಯೇಸುಸ್ವಾಮಿ ಎಲ್ಲವನ್ನೂ ಬಲ್ಲವರಾಗಿದ್ದರೂ ಏನೂ ತಿಳಿಯದವರಂತೆ ಪ್ರಶ್ನೆ ಕೇಳಿದರು. ಆ ಇಬ್ಬರು ಶಿಷ್ಯರು ತಮ್ಮ ನಿರಾಶೆಯನ್ನೆಲ್ಲ ಹೇಳಿ ಮುಗಿಸುವವರೆಗೆ ಜೊತೆಯಲ್ಲೇ ನಡೆದರು. ಆಮೇಲಷ್ಟೇ ಪವಿತ್ರ ಗ್ರಂಥವನ್ನು ವಿವರಿಸಿದರು. ಯೋಬನ ಗೆಳೆಯರೂ ಏಳು ದಿನ, ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮೌನವಾಗಿ ಕುಳಿತಿದ್ದರು. ಅವರು ಕೆಟ್ಟದ್ದು ಬಾಯಿ ತೆರೆದ ಮೇಲೆ.

ಕ್ಷಮೆಯ ಬಗ್ಗೆ ಒಂದು ಮಾತನ್ನು ನೇರವಾಗಿ ಹೇಳಬೇಕಾಗಿದೆ. ಕುಡಿದು ಬಂದ ಗಂಡನಿಂದ ಹೊಡೆತ ತಿಂದವಳಿಗೆ, ಬಾಲ್ಯದಲ್ಲಿ ಹತ್ತಿರದವರಿಂದಲೇ ಕೆಡುಕಿಗೆ ಒಳಗಾದವರಿಗೆ "ಕ್ರೈಸ್ತರಲ್ಲವೇ, ಕ್ಷಮಿಸಿಬಿಡಿ" ಎಂದು ಅವಸರಪಡಿಸುವವರು ನಮ್ಮಲ್ಲಿ ಇದ್ದಾರೆ. ಇದು ತಪ್ಪು. ಅವಳು ಮೊದಲು ಹೊಡೆತದಿಂದ ಪಾರಾಗಬೇಕು. ಕ್ಷಮೆ ದೇವರ ವರ. ಅದು ತನ್ನ ಕಾಲಕ್ಕೆ ಬರುತ್ತದೆ, ಗಡುವು ಹಾಕಿ ತರಿಸುವಂಥದ್ದಲ್ಲ. ಕ್ಷಮಿಸಿದರೂ ದೂರು ಕೊಡುವ ಹಕ್ಕು ಹೋಗುವುದಿಲ್ಲ. ಇಂಥವರು ಎಷ್ಟೋ ಸಲ ಪಾಪನಿವೇದನೆಗೆ ಬಂದು ಇನ್ನೊಬ್ಬರ ಪಾಪವನ್ನು ತಮ್ಮದೆಂದು ಒಪ್ಪಿಕೊಳ್ಳುವುದುಂಟು. "ನಾನೇ ಏನೋ ತಪ್ಪು ಮಾಡಿರಬೇಕು, ಫಾದರ್" ಎನ್ನುತ್ತಾರೆ. ಅವರಿಗೆ ಬೇಕಾದದ್ದು ಪ್ರಾಯಶ್ಚಿತ್ತವಲ್ಲ. "ಇದು ನಿನ್ನ ಪಾಪವಲ್ಲ ಮಗಳೇ" ಎಂದು ಒಬ್ಬರು ಬಾಯಿಬಿಟ್ಟು ಹೇಳಬೇಕು.

ಪ್ರಾರ್ಥನೆ ಬೇಡವೇ ಎಂದು ನೀವು ಕೇಳಬಹುದು. ಖಂಡಿತ ಬೇಕು. ಜಪಸರ ಹಿಡಿದ ಕೈಯೇ ಆಸ್ಪತ್ರೆಯ ಚೀಟಿಯನ್ನೂ ಹಿಡಿಯಬಹುದು. ಮುರಿದ ಕಾಲಿಗೆ ಪ್ಲಾಸ್ಟರ್ ಹಾಕಿಸುವಾಗ ನಮ್ಮ ವಿಶ್ವಾಸ ಕಡಿಮೆಯಾಯಿತೆಂದು ಯಾರೂ ನಾಚಿಕೊಳ್ಳುವುದಿಲ್ಲವಲ್ಲ.

ನೊಂದವರಲ್ಲಿ ಬಹಳಷ್ಟು ಮಂದಿ ಮನೆಯವರ, ಊರಿನವರ ಆಸರೆಯಿಂದಲೇ ಚೇತರಿಸಿಕೊಳ್ಳುತ್ತಾರೆ. ಆದರೆ ಒಂದು ತಿಂಗಳು ಕಳೆದರೂ ನಿದ್ದೆ ಬಾರದಿದ್ದರೆ, ಅದೇ ದೃಶ್ಯ ಮತ್ತೆ ಮತ್ತೆ ಕಣ್ಣಮುಂದೆ ಬರುತ್ತಿದ್ದರೆ ವೈದ್ಯರನ್ನು ಕಾಣಬೇಕು. ಸಾಯುವ ಮಾತು ಬಂದರಂತೂ ಒಂದು ದಿನವೂ ಕಾಯಬಾರದು, ಒಬ್ಬರನ್ನೇ ಬಿಡಬಾರದು. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮನಸ್ ಸೇವೆಯ ಸಂಖ್ಯೆ 14416. ಕರೆಗೆ ಹಣವಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಆ ಹುಡುಗನ ತಾಯಿಗೆ ಬರೀ ವಿಳಾಸ ಬರೆದುಕೊಟ್ಟರೆ ಸಾಲದು. ಅವಳೊಬ್ಬಳೇ ಮಗನನ್ನು ಕರೆದುಕೊಂಡು ಬಸ್ಸು ಹತ್ತಲಾರಳು. ಅದೂ ಅದೇ ಹೆದ್ದಾರಿಯಲ್ಲಿ. ಆ ದಿನದ ಕೂಲಿ ಬಿಟ್ಟು ನಿಮ್ಮಲ್ಲಿ ಯಾರು ಅವರ ಜೊತೆ ಹೋಗುತ್ತೀರಿ?