ಪಾಠ 12: ಗಾಯ ಮಾಯಲು ಕಾಲ ಬೇಕು



ನಮ್ಮ ಊರುಗಳಲ್ಲಿ ಹೆಂಗಸರ ಆಪರೇಷನ್ ಅಂದರೆ ಒಂದೇ ನೆನಪಾಗುತ್ತದೆ. ಅದು ಮಕ್ಕಳಾಗದ ಆಪರೇಷನ್. ಆದರೆ ಹೆಂಗಸರಿಗೆ ಬೇರೆ ಆಪರೇಷನ್‌ಗಳೂ ಆಗುತ್ತವೆ. ಅಂಡಾಶಯದ ನೀರುಗಂಟು ತೆಗೆಯುವುದು ಅವುಗಳಲ್ಲಿ ಒಂದು. ಆಪರೇಷನ್ ಮಾಡುವುದು ಡಾಕ್ಟರು. ಆಮೇಲೆ ಚೇತರಿಸಿಕೊಳ್ಳುವುದು ನಮ್ಮ ಮನೆಯಲ್ಲಿ. ಆಗ ಏನು ಮಾಡಬೇಕು, ಏನು ಮಾಡಬಾರದು? ಓದೋಣ ಬನ್ನಿ.

ನೀರುಗಂಟು ಅಂದರೇನು?

ಹೆಂಗಸಿನ ಕೆಳಹೊಟ್ಟೆಯಲ್ಲಿ ಗರ್ಭಕೋಶ ಇದೆ. ಅದರ ಎಡಕ್ಕೊಂದು, ಬಲಕ್ಕೊಂದು ಅಂಡಾಶಯ ಇವೆ. ಒಂದೊಂದೂ ಸುಮಾರು ಬೆಟ್ಟದ ನೆಲ್ಲಿಕಾಯಿಯಷ್ಟು ದೊಡ್ಡದು. ಕೆಲವು ಸಲ ಅಂಡಾಶಯದಲ್ಲಿ ನೀರು ತುಂಬಿದ ಚೀಲ ಬೆಳೆಯುತ್ತದೆ. ಅದೇ ನೀರುಗಂಟು. ಡಾಕ್ಟರು ಇದನ್ನು ಸಿಸ್ಟ್ ಎನ್ನುತ್ತಾರೆ.

ಹೆದರಬೇಡಿ. ಹೆಚ್ಚಿನ ನೀರುಗಂಟುಗಳು ಕ್ಯಾನ್ಸರ್ ಅಲ್ಲ. ಎಷ್ಟೋ ಗಂಟುಗಳು ಎರಡು ಮೂರು ತಿಂಗಳಲ್ಲಿ ತಾವೇ ಕರಗುತ್ತವೆ. ಕೆಲವು ಮಾತ್ರ ದೊಡ್ಡದಾಗಿ ಬೆಳೆಯುತ್ತವೆ. ಕೆಲವು ತಿರುಚಿಕೊಳ್ಳುತ್ತವೆ. ಆಗ ಇದ್ದಕ್ಕಿದ್ದಂತೆ ಕೆಳಹೊಟ್ಟೆಯಲ್ಲಿ ವಿಪರೀತ ನೋವು ಬರುತ್ತದೆ. ವಾಂತಿಯೂ ಆಗಬಹುದು. ಹಾಗಾದರೆ ತಡ ಮಾಡಬಾರದು. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಗೌರಮ್ಮ ಸಹಿ ಹಾಕಿದಳು

ಒಬ್ಬ ಹೆಂಗಸು ಇದ್ದಾಳೆ ಎಂದುಕೊಳ್ಳೋಣ. ಅವಳನ್ನು ಗೌರಮ್ಮ ಎಂದು ಕರೆಯೋಣ. ಅವಳಿಗೆ 38 ವರ್ಷ. ಕೂಲಿ ಕೆಲಸ ಮಾಡುತ್ತಾಳೆ. ಆರು ತಿಂಗಳಿಂದ ಅವಳ ಹೊಟ್ಟೆ ಭಾರ. ಸ್ಕ್ಯಾನ್ ಮಾಡಿಸಿದಾಗ ಬಲ ಅಂಡಾಶಯದಲ್ಲಿ ತೆಂಗಿನಕಾಯಿಯಷ್ಟು ಗಂಟು ಕಂಡಿತು. ಜಿಲ್ಲಾ ಆಸ್ಪತ್ರೆಯಲ್ಲಿ ಆಪರೇಷನ್ ಎಂದು ತೀರ್ಮಾನವಾಯಿತು.

ಆಪರೇಷನ್‌ಗೆ ಮೊದಲು ನರ್ಸಮ್ಮ ಒಂದು ಕಾಗದ ತಂದರು. ಜೊತೆಗೆ ಇಂಕಿನ ಪ್ಯಾಡನ್ನೂ ತಂದರು.

“ಹೆಬ್ಬೆಟ್ಟು ಒತ್ತಮ್ಮ” ಎಂದರು.

“ನಂಗೆ ಓದಕ್ಕೆ ಬರುತ್ತೆ ಮೇಡಂ. ಏನು ಬರೆದಿದೆ ನೋಡ್ತೀನಿ” ಎಂದಳು ಗೌರಮ್ಮ.

ಅವಳು ನಿಧಾನವಾಗಿ ಅಕ್ಷರ ಕೂಡಿಸಿ ಓದಿದಳು. ತಿಳಿಯದ್ದನ್ನು ಡಾಕ್ಟರಮ್ಮನನ್ನು ಕೇಳಿದಳು.

“ಏನೇನು ತೆಗೀತೀರಿ ಡಾಕ್ಟ್ರೇ? ಗರ್ಭಕೋಶಾನೂ ತೆಗೀತೀರಾ?”

“ಇಲ್ಲಮ್ಮ. ಗಂಟು ತೆಗೀತೀವಿ. ಅಂಡಾಶಯ ಉಳಿಸೋಕೆ ನೋಡ್ತೀವಿ. ಆಗದಿದ್ರೆ ಆ ಒಂದು ಕಡೆಯದನ್ನ ಮಾತ್ರ ತೆಗೀತೀವಿ. ಗರ್ಭಕೋಶಕ್ಕೆ ಕೈ ಹಾಕೋದಿಲ್ಲ.”

ಆಮೇಲೆ ಗೌರಮ್ಮ ಸಹಿ ಹಾಕಿದಳು.

ಈ ಪ್ರಶ್ನೆಯನ್ನು ನಾವೆಲ್ಲರೂ ಕೇಳಬೇಕು. ನೀರುಗಂಟು ಇದ್ದ ಮಾತ್ರಕ್ಕೆ ಗರ್ಭಕೋಶ ತೆಗೆಯಬೇಕಾಗಿಲ್ಲ. ಬೇಕಿಲ್ಲದೆ ಗರ್ಭಕೋಶ ತೆಗೆಯುವುದನ್ನು ತಡೆಯಲು ನಿಯಮ ಜಾರಿಗೆ ತನ್ನಿ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು. ಅನುಮಾನ ಬಂದರೆ ಇನ್ನೊಬ್ಬ ಡಾಕ್ಟರನ್ನು ಕೇಳಿ. ಅದು ತಪ್ಪಲ್ಲ.

ಎದ್ದು ಓಡಾಡಿ

ಆಪರೇಷನ್ ಆದ ಮರುದಿನವೇ ನರ್ಸಮ್ಮ ಗೌರಮ್ಮನನ್ನು ಎಬ್ಬಿಸಿ ನಡೆಸಿದರು. ಅವಳ ಅತ್ತೆಗೆ ಗಾಬರಿಯಾಯಿತು.

“ಹೊಟ್ಟೆ ಕುಯ್ದವ್ಳನ್ನ ನಡೆಸ್ತಾರಾ? ಹೊಲಿಗೆ ಬಿಟ್ಟೋಗಲ್ವಾ?”

ಹೊಲಿಗೆ ಬಿಡುವುದಿಲ್ಲ. ಒಂದೇ ಸಮ ಮಲಗಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ನಡೆದರೆ ರಕ್ತ ಚೆನ್ನಾಗಿ ಓಡುತ್ತದೆ. ಹೊಟ್ಟೆಯ ಗಾಳಿಯೂ ಹೊರಗೆ ಹೋಗುತ್ತದೆ.

ಏಳುವಾಗ ನೇರವಾಗಿ ಏಳಬೇಡಿ. ಒಂದು ಮಗ್ಗುಲಿಗೆ ಹೊರಳಿ, ಕೈ ಊರಿ ಏಳಿ. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿ ಹಿಡಿದು ಕೆಮ್ಮಿ. ನೋವು ಕಡಿಮೆಯಾಗುತ್ತದೆ.

ಕೆಲವರಿಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಬಿಟ್ಟು ಆಪರೇಷನ್ ಮಾಡುತ್ತಾರೆ. ಆಗ ಹೊಟ್ಟೆಗೆ ಗಾಳಿ ತುಂಬಿಸುತ್ತಾರೆ. ಅದರಿಂದ ಎರಡು ಮೂರು ದಿನ ಭುಜ ನೋಯಬಹುದು. ಆ ನೋವು ತಾನೇ ಹೋಗುತ್ತದೆ.

ಯಾವುದು ಪಥ್ಯ?

ಮನೆಗೆ ಬಂದ ಮೇಲೆ ಅತ್ತೆ ಬರೀ ಅನ್ನ, ಮೆಣಸಿನ ಸಾರು ಬಡಿಸಿದರು. “ಮೊಸರು, ಸೊಪ್ಪು, ಮೊಟ್ಟೆ ಎಲ್ಲಾ ನಂಜು. ಗಾಯ ಕೀವಾಗುತ್ತೆ. ನೀರೂ ಜಾಸ್ತಿ ಕುಡೀಬೇಡ” ಎಂದರು.

ಅತ್ತೆಗೆ ಸೊಸೆಯ ಮೇಲೆ ಪ್ರೀತಿ ಇದೆ. ಆದರೆ ಈ ಮಾತು ಸರಿಯಲ್ಲ. ಊಟದಿಂದ ಗಾಯ ಕೀವಾಗುವುದಿಲ್ಲ. ರೋಗಾಣು ಸೇರಿದರೆ ಕೀವಾಗುತ್ತದೆ. ಗಾಯ ಮಾಯಲು ಬೇಳೆ, ಕಾಳು, ಹಾಲು, ಮೊಸರು, ಮೊಟ್ಟೆ ಬೇಕು. ರಕ್ತ ಹೆಚ್ಚಲು ಸೊಪ್ಪು ಬೇಕು. ಚೆನ್ನಾಗಿ ನೀರು ಕುಡಿಯಬೇಕು. ಹಣ್ಣು, ತರಕಾರಿ ತಿಂದರೆ ಮಲಬದ್ಧತೆ ಆಗುವುದಿಲ್ಲ. ಮುಕ್ಕಿದರೆ ಗಾಯಕ್ಕೆ ನೋವು.

ಗಾಯವನ್ನು ಶುಚಿಯಾಗಿ, ಒಣಗಿಸಿ ಇಡಿ. ಮುಟ್ಟುವ ಮೊದಲು ಸೋಪಿನಿಂದ ಕೈ ತೊಳೆಯಿರಿ. ಅರಿಶಿನ, ಬೂದಿ, ಎಣ್ಣೆ ಯಾವುದನ್ನೂ ಹಚ್ಚಬೇಡಿ. ಸ್ನಾನ ಯಾವಾಗಿನಿಂದ ಮಾಡಬಹುದು ಎಂದು ಆಸ್ಪತ್ರೆಯಲ್ಲೇ ಕೇಳಿಕೊಂಡು ಬನ್ನಿ.

ಬಿಂದಿಗೆ ಎತ್ತಬೇಡಿ

ಇಪ್ಪತ್ತನೇ ದಿನ ಗೌರಮ್ಮನಿಗೆ ನೋವು ಕಡಿಮೆಯಾಗಿತ್ತು. ಅದು ರಾಗಿ ಕೊಯ್ಲಿನ ಕಾಲ. ಕೂಲಿ ಹೋದರೆ ಮನೆ ನಡೆಯುವುದು ಹೇಗೆ? ಅವಳು ಕುಡುಗೋಲು ಹಿಡಿದು ಹೊರಟಳು. ಆಶಾ ಅಕ್ಕ ತಡೆದರು.

“ಮೇಲಿನ ಚರ್ಮ ಕೂಡಿದೆ ಗೌರಮ್ಮ. ಒಳಗೆ ಇನ್ನೂ ಕೂಡಬೇಕು. ಈಗ ಭಾರ ಎತ್ತಿದ್ರೆ ಆ ಜಾಗದಲ್ಲಿ ಕರುಳು ಉಬ್ಬಿ ಬರಬಹುದು. ಆಗ ಮತ್ತೆ ಆಪರೇಷನ್. ಕೂಲಿ ಇನ್ನೂ ಜಾಸ್ತಿ ಹೋಗುತ್ತೆ.”

ಹೊಟ್ಟೆ ಕೊಯ್ದು ಆಪರೇಷನ್ ಮಾಡಿದ್ದರೆ ಸುಮಾರು ಆರು ವಾರ ಭಾರ ಎತ್ತಬಾರದು. ತುಂಬಿದ ಬಿಂದಿಗೆ, ಸೌದೆ ಹೊರೆ, ಮೂಟೆ ಯಾವುದೂ ಬೇಡ. ತೂತಿನ ಆಪರೇಷನ್ ಆದವರು ಬೇಗ ಚೇತರಿಸಿಕೊಳ್ಳುತ್ತಾರೆ. ಅವರೂ ಡಾಕ್ಟರನ್ನು ಕೇಳಿಯೇ ಕೆಲಸ ಶುರು ಮಾಡಬೇಕು. ಗಂಡ ಹೆಂಡತಿ ಸೇರುವುದು ಯಾವಾಗಿನಿಂದ ಎಂದೂ ಕೇಳಿ. ನಾಚಿಕೆ ಬೇಡ.

ಅಂದು ಸಂಜೆ ಸಂಘದ ಹೆಂಗಸರು ಸೇರಿದರು. ದಿನಕ್ಕೊಬ್ಬರು ಗೌರಮ್ಮನ ಮನೆಗೆ ನೀರು ತರುವುದು ಎಂದು ಮಾತಾಯಿತು. ಸೌದೆ ಕೆಲಸ ಗಂಡ ವಹಿಸಿಕೊಂಡ. ಸಂಘದಿಂದ ಅವಳಿಗೆ ಸ್ವಲ್ಪ ಸಾಲವೂ ಸಿಕ್ಕಿತು.

ಚೀಟಿ ಓದಿ

ಡಿಸ್ಚಾರ್ಜ್ ಚೀಟಿಯನ್ನು ಜೋಪಾನವಾಗಿಡಿ. ಏನು ತೆಗೆದರು, ಯಾವ ಮಾತ್ರೆ, ಮತ್ತೆ ಯಾವ ದಿನ ಬರಬೇಕು ಎಂಬುದು ಅದರಲ್ಲಿ ಇರುತ್ತದೆ. ಇಂಗ್ಲಿಷಿನಲ್ಲಿ ಇದ್ದರೆ ಕೇಳಿ, ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ. ತೆಗೆದ ಗಂಟನ್ನು ಪರೀಕ್ಷೆಗೆ ಕಳಿಸುತ್ತಾರೆ. ಅದರ ವರದಿ ಬಂದ ಮೇಲೆ ಹೋಗಿ ತನ್ನಿ. ಗೌರಮ್ಮನ ವರದಿಯಲ್ಲಿ ಕ್ಯಾನ್ಸರ್ ಇಲ್ಲ ಎಂದಿತ್ತು.

ಒಂದು ಅಂಡಾಶಯ ಚೆನ್ನಾಗಿದ್ದರೂ ಸಾಕು. ಮುಟ್ಟು ಬರುತ್ತದೆ. ಮಕ್ಕಳೂ ಆಗಬಹುದು.

ಈ ಲಕ್ಷಣ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ

1. ಜ್ವರ 100.4 ಡಿಗ್ರಿ ಅಥವಾ ಹೆಚ್ಚು.
2. ಗಾಯ ಕೆಂಪಾಗಿ ಊದುವುದು, ಕೀವು, ಗಾಯ ಬಿಡುವುದು.
3. ಹೊಟ್ಟೆ ನೋವು ದಿನೇ ದಿನೇ ಹೆಚ್ಚುವುದು.
4. ನಿಲ್ಲದ ವಾಂತಿ, ಮೂತ್ರ ಬಾರದಿರುವುದು.
5. ಹೆಚ್ಚು ರಕ್ತಸ್ರಾವ, ಕೆಟ್ಟ ವಾಸನೆಯ ಬಿಳಿಸೆರಗು.
6. ಒಂದು ಕಾಲು ಊದಿ ನೋಯುವುದು, ಎದೆನೋವು, ಉಸಿರು ಕಟ್ಟುವುದು.

ಕೊನೆಯದು ತುಂಬ ಅಪಾಯ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುತ್ತದೆ. ದುಡ್ಡು ಕೊಡಬೇಕಾಗಿಲ್ಲ.

ಖರ್ಚಿನ ಮಾತು: ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಬಂತು. ಇದರಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಆಪರೇಷನ್‌ಗೆ ಮೊದಲೇ ಆಸ್ಪತ್ರೆಯಲ್ಲಿ ವಿಚಾರಿಸಿ. ರೇಷನ್ ಕಾರ್ಡು, ಆಧಾರ್ ಕಾರ್ಡು ಜೊತೆಗಿರಲಿ.

ನಿಮಗೆ ಗೊತ್ತೇ?

ಅಮೆರಿಕದಲ್ಲಿ ಜೇನ್ ಕ್ರಾಫರ್ಡ್ ಎಂಬ ಹೆಂಗಸಿದ್ದಳು. ಅವಳ ಅಂಡಾಶಯದಲ್ಲಿ ಸುಮಾರು 10 ಕಿಲೋ ತೂಕದ ಗೆಡ್ಡೆ ಬೆಳೆದಿತ್ತು. ಅವಳು ಕುದುರೆಯ ಮೇಲೆ ಸುಮಾರು 60 ಮೈಲಿ ಹೋಗಿ ಡಾಕ್ಟರ ಮನೆ ಸೇರಿದಳು. 1809ರಲ್ಲಿ ಡಾಕ್ಟರ್ ಮೆಕ್‌ಡೊವೆಲ್ ಆ ಗೆಡ್ಡೆ ತೆಗೆದರು. ಆಗ ಮತ್ತು ಬರಿಸುವ ಔಷಧಿ ಇನ್ನೂ ಬಂದಿರಲಿಲ್ಲ. ಐದನೇ ದಿನ ಡಾಕ್ಟರು ನೋಡಲು ಬಂದರೆ, ಅವಳು ಎದ್ದು ತನ್ನ ಹಾಸಿಗೆ ಸರಿಮಾಡುತ್ತಿದ್ದಳು! ಆಮೇಲೆ 30 ವರ್ಷಕ್ಕೂ ಹೆಚ್ಚು ಕಾಲ ಬದುಕಿದಳು.

ಅಭ್ಯಾಸ

ಅ. ಉತ್ತರ ಹೇಳಿ.
1. ಸಹಿ ಹಾಕುವ ಮೊದಲು ಗೌರಮ್ಮ ಏನು ಕೇಳಿದಳು?
2. ಆಪರೇಷನ್ ಆದವರು ಯಾಕೆ ಓಡಾಡಬೇಕು?
3. ಗಾಯ ಕೀವಾಗುವುದು ಯಾವುದರಿಂದ?

ಆ. ಬಿಟ್ಟ ಪದ ತುಂಬಿ.
1. ಹೊಟ್ಟೆ ಕೊಯ್ದ ಆಪರೇಷನ್ ಆದರೆ ಸುಮಾರು ______ ವಾರ ಭಾರ ಎತ್ತಬಾರದು.
2. ಆಂಬುಲೆನ್ಸಿಗೆ ______ ನಂಬರಿಗೆ ಫೋನ್ ಮಾಡಬೇಕು.

ಇ. ಓದಿ, ಬರೆಯಿರಿ: ಅಂಡಾಶಯ, ಗರ್ಭಕೋಶ, ನೀರುಗಂಟು, ಹೊಲಿಗೆ, ವರದಿ, ಸಹಿ.

ಈ. ಮಾತಾಡಿ: ನಿಮ್ಮ ಕೇರಿಯಲ್ಲಿ ಒಬ್ಬರಿಗೆ ಆಪರೇಷನ್ ಆದರೆ, ಅವರ ಮನೆಗೆ ಯಾರು ನೀರು ತರುತ್ತೀರಿ? ಕೂಲಿ ಹೋದ ದಿನಗಳಿಗೆ ಏನು ದಾರಿ? ಕೇಂದ್ರದಲ್ಲಿ ಕೂತು ಎಲ್ಲರೂ ಮಾತಾಡಿ ತೀರ್ಮಾನಿಸಿ.