ತುಂಬಿದ ಭಂಡಾರದ ಲೆಕ್ಕ

ಐವತ್ತು ಪಲ್ಲ ಹಿಡಿಯುವ ಕಣಜ. ಅದರಲ್ಲಿ ಇರುವ ರಾಗಿ ಹದಿನಾಲ್ಕೇ ಪಲ್ಲ. ಆದರೂ ಇನ್ನೊಂದು ಸೇರು ಸುರಿಯಹೋದರೆ ಕಣಜ ತುಂಬಿದೆ ಎಂದು ಯಾರಾದರೂ ಹೇಳಿದರೆ ನಾವು ನಂಬುವೆವೇ? ಗಣಕಯಂತ್ರಗಳ ಭಂಡಾರದಲ್ಲಿ ಇಂಥ ವೈಚಿತ್ರ್ಯ ಸಂಭವಿಸುವುದುಂಟು. ನಮ್ಮ ಭೌತಶಾಸ್ತ್ರ ವಿಭಾಗದಲ್ಲಿಯೇ ಒಂದು ಮುಂಗಾರಿನಲ್ಲಿ ಸಂಭವಿಸಿತು.

ನಮ್ಮ ಪ್ರಯೋಗಶಾಲೆಯಲ್ಲಿ ಮೂರು ಹಳೆಯ ಗಣಕಗಳಿವೆ. ವಿದ್ಯಾರ್ಥಿಗಳು ಅವುಗಳಿಗೆ ತಂತಮ್ಮ ಊರುಗಳ ಹೆಸರನ್ನೇ ಇಟ್ಟಿದ್ದಾರೆ: ಕಡೂರು, ತರೀಕೆರೆ, ಅಜ್ಜಂಪುರ. ಒಂದೊಂದರ ಡಿಸ್ಕಿನಲ್ಲಿಯೂ 500 ಗಿಗಾಬೈಟ್ ಸ್ಥಳ. ಗ್ಲಸ್ಟರ್‌ಎಫ್‌ಎಸ್ ಎಂಬ ತಂತ್ರಾಂಶವು ಈ ಮೂರನ್ನೂ ಕೂಡಿಸಿ ಒಂದೇ ಭಂಡಾರದಂತೆ ತೋರಿಸುತ್ತದೆ. ಇದಕ್ಕೆ ವಿತರಿತ ಕಡತ ವ್ಯವಸ್ಥೆ ಎಂದು ಹೆಸರು. (2011ರಲ್ಲಿ ರೆಡ್ ಹ್ಯಾಟ್ ಸಂಸ್ಥೆ ಕೊಂಡುಕೊಂಡ ಈ ತಂತ್ರಾಂಶದ ಬೆಳವಣಿಗೆಯಲ್ಲಿ ಬೆಂಗಳೂರಿನ ತಂತ್ರಜ್ಞರ ಪಾಲು ಹಿರಿದು.) ಕಡತವು ಯಾವ ಯಂತ್ರಕ್ಕೆ ಹೋಗಬೇಕೆಂಬುದನ್ನು ಅದರ ಹೆಸರಿನ ಮೇಲೆ ನಡೆಸುವ ಒಂದು ಗಣಿತವು ನಿರ್ಧರಿಸುತ್ತದೆ. ಬೀರೂರು ಜಂಕ್ಷನ್ನಿನಲ್ಲಿ ಅಜ್ಜಂಪುರದ ಹಳಿಯೂ ತರೀಕೆರೆಯ ಹಳಿಯೂ ಕವಲೊಡೆಯುವುದಷ್ಟೆ. ಇಲ್ಲಿ ಹಳಿಯನ್ನು ಆರಿಸುವುದು ಕಡತದ ಹೆಸರು. ನಾವು ಮಾಡಿಕೊಂಡಿದ್ದ ಏರ್ಪಾಡಿನಲ್ಲಿ ಒಂದು ಕಡತವು ಇಡಿಯಾಗಿ ಒಂದೇ ಯಂತ್ರದಲ್ಲಿ ಇರುತ್ತದೆ.

ಮಳೆಮಾಪಕದ ದಾಖಲೆಯ ಪಾಲಿಗೆ ಬಂದದ್ದು ಕಡೂರು. ನಿಮಿಷಕ್ಕೊಂದು ಸಾಲಿನಂತೆ ಬೆಳೆಯುತ್ತಿದ್ದ ಆ ಕಡತವು ಜುಲೈ ತಿಂಗಳ ಒಂದು ರಾತ್ರಿ, ಹೊರಗೆ ಜಡಿಮಳೆ ಸುರಿಯುತ್ತಿರುವಾಗಲೇ, ಸ್ಥಳವಿಲ್ಲವೆಂದು ನಿಂತುಹೋಯಿತು. ಒಟ್ಟು ಲೆಕ್ಕದಲ್ಲಾದರೋ ಇನ್ನೂ 700 ಗಿಗಾಬೈಟ್ ಬಿಡುವು! ಮೊತ್ತವೆಂಬುದು ಇಲ್ಲಿ ಮೋಸಗಾರ. ಯಂತ್ರಗಳನ್ನು ಒಂದೊಂದಾಗಿ ನೋಡಿದಾಗ ಕಡೂರು ಪೂರ್ತಿ ತುಂಬಿತ್ತು. ಯಂತ್ರವು ತುಂಬುತ್ತ ಬಂದಂತೆ ಹೊಸ ಕಡತಗಳನ್ನು ವ್ಯವಸ್ಥೆಯು ಬೇರೆಡೆಗೆ ಕಳುಹಿಸುತ್ತದೆ, ನಿಜ. ಆದರೆ ಅದಾಗಲೇ ಒಂದೆಡೆ ನೆಲೆನಿಂತು ಬೆಳೆಯುತ್ತಿರುವ ಕಡತಕ್ಕೆ ಆ ಅನುಕೂಲವಿಲ್ಲ.

ಕಡೂರು ತುಂಬಿದ್ದು ಯಾವುದರಿಂದ? ಲಿನಕ್ಸ್‌ನಲ್ಲಿ ಎರಡು ಬಗೆಯ ಎಣಿಕೆಗಳಿವೆ. ಡಿಎಫ್ ಎಂಬ ಆಜ್ಞೆಯು ಡಿಸ್ಕಿನ ಸ್ವಂತ ಲೆಕ್ಕಪುಸ್ತಕವನ್ನು ಓದುತ್ತದೆ. ಡಿಯು ಎಂಬುದು ಕೋಶದಿಂದ ಕೋಶಕ್ಕೆ ನಡೆದು ಹೆಸರುಳ್ಳ ಕಡತಗಳನ್ನು ಕೂಡುತ್ತ ಹೋಗುತ್ತದೆ. ಮೊದಲನೆಯದು ಪೂರಾ 500 ತುಂಬಿದೆ ಎಂದಿತು. ಎರಡನೆಯದಕ್ಕೆ ಕಣ್ಣಿಗೆ ಕಾಣುವ ಕೋಶಗಳಲ್ಲೆಲ್ಲ ಸಿಕ್ಕಿದ್ದು 140 ಮಾತ್ರ. ಉಳಿದ 360 ಗಿಗಾಬೈಟ್ ಎಲ್ಲಿ?

ಇದರಲ್ಲಿ 25ಕ್ಕೆ ಉತ್ತರ ಸುಲಭ. ನಾವು ಬಳಸಿದ್ದ ಎಕ್ಸ್ಟ್4 ಏರ್ಪಾಡು ನೂರಕ್ಕೆ ಐದು ಪಾಲನ್ನು ಮೇಲ್ವಿಚಾರಕನ ಬಳಕೆಗೆಂದು ಕಾದಿರಿಸುತ್ತದೆ. ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ ತೂಬಿನ ಮಟ್ಟಕ್ಕಿಂತ ಕೆಳಗಿನ ನೀರು ಇದ್ದೂ ನಾಲೆಗೆ ದಕ್ಕದು. ಈ ಪಾಲೂ ಸಾಮಾನ್ಯ ಬಳಕೆದಾರನ ಮಟ್ಟಿಗೆ ಹಾಗೆಯೇ.

ಉಳಿದದ್ದನ್ನು ತಿಳಿಯಲು ಕಡತವೆಂದರೇನೆಂಬುದನ್ನು ತುಸು ವಿಚಾರಿಸಬೇಕು. 1970ರ ಸುಮಾರಿಗೆ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ರೂಪಿಸಿದ ಯೂನಿಕ್ಸ್‌ನಿಂದ ಬಂದ ಪದ್ಧತಿಯಿದು: ಕಡತದ ಹೆಸರು ಬೇರೆ, ವಸ್ತು ಬೇರೆ. ವಸ್ತುವು ಎಲ್ಲೆಲ್ಲಿದೆ ಎಂಬುದನ್ನು ಐನೋಡ್ ಎಂಬ ಚೀಟಿಯು ಹೇಳುತ್ತದೆ. ತನಗೆ ಎಷ್ಟು ಹೆಸರುಗಳಿವೆ ಎಂಬುದನ್ನೂ ಆ ಚೀಟಿಯೇ ಎಣಿಸಿಟ್ಟುಕೊಳ್ಳುತ್ತದೆ. ಅಳಿಸುವುದೆಂದರೆ ಒಂದು ಹೆಸರನ್ನು ತೆಗೆಯುವುದು, ಅಷ್ಟೆ. ಪಹಣಿಯಲ್ಲಿ ಹೆಸರು ಹೊಡೆದ ಮಾತ್ರಕ್ಕೆ ಹೊಲದ ಪೈರು ಕೊಯ್ಲಾಗುವುದಿಲ್ಲವಷ್ಟೆ. ಹೆಸರುಗಳ ಎಣಿಕೆ ಸೊನ್ನೆಗೆ ಇಳಿದು, ಯಾವ ಕಾರ್ಯಕ್ರಮವೂ ಆ ಕಡತವನ್ನು ತೆರೆದಿಟ್ಟುಕೊಂಡಿಲ್ಲದಿದ್ದಾಗ ಮಾತ್ರ ಸ್ಥಳವು ಬಿಡುಗಡೆಯಾಗುತ್ತದೆ.

ಅಳಿಸಿದ ಬಳಿಕವೂ ಒಂದು ಕಾರ್ಯಕ್ರಮವು ತೆರೆದಿಟ್ಟುಕೊಂಡಿದ್ದ ದಿನಚರಿಯ ಕಡತವೊಂದು 12 ಗಿಗಾಬೈಟ್ ಹಿಡಿದು ಕುಳಿತಿತ್ತು. ಕಾರ್ಯಕ್ರಮವನ್ನು ನಿಲ್ಲಿಸಿ ಮತ್ತೆ ಆರಂಭಿಸಿದೊಡನೆ ಅದು ಬಿಟ್ಟಿತು. ಮಳೆಯ ದಾಖಲೆಯೂ ಮುಂದುವರಿಯಿತು. ಆದರೆ 323 ಇನ್ನೂ ಬಾಕಿ.

ಅದರ ಅಪರಾಧಿ ನಾನೇ. ಗ್ಲಸ್ಟರ್‌ಎಫ್‌ಎಸ್ ತನ್ನ ಪ್ರತಿಯೊಂದು ಕಡತಕ್ಕೂ ನಮಗೆ ಕಾಣುವ ಹೆಸರಲ್ಲದೆ, ಅದೇ ಡಿಸ್ಕಿನ ಒಂದು ಗುಪ್ತಕೋಶದಲ್ಲಿ ಅಂಕಿ-ಅಕ್ಷರಗಳ ಎರಡನೆಯ ಹೆಸರನ್ನು ಇಟ್ಟಿರುತ್ತದೆ. ಭಂಡಾರದ ಹೆಬ್ಬಾಗಿಲಿನಿಂದ ಅಳಿಸಿದರೆ ಎರಡೂ ಹೋಗುತ್ತವೆ. ಹಿಂದಿನ ವರ್ಷ ಕೆಮ್ಮಣ್ಣುಗುಂಡಿಯಲ್ಲಿ ತೆಗೆದ ರಾತ್ರಿಯ ಆಕಾಶದ ಚಿತ್ರಗಳನ್ನು ನಾನು ಬೇಗ ಮುಗಿಯಲೆಂದು ಕಡೂರಿನ ಡಿಸ್ಕಿಗೇ ಇಳಿದು ಅಳಿಸಿದ್ದೆ. ಕಾಣುವ ಹೆಸರು ಹೋಯಿತು, ಗುಪ್ತವಾದದ್ದು ಉಳಿಯಿತು, ಸ್ಥಳ ಬಿಡುವಾಯಿತೇ ಎಂದು ನಾನು ನೋಡಲೇ ಇಲ್ಲ.

ಕಂಡುಹಿಡಿಯುವ ಕ್ರಮ ಸರಳ. ಗುಪ್ತಕೋಶದ ಸರಿಯಾದ ಕಡತಕ್ಕೆ ಹೆಸರುಗಳ ಎಣಿಕೆ ಕನಿಷ್ಠ ಎರಡು. ಒಂದೇ ಇದ್ದರೆ ಅದು ಅನಾಥ. ವ್ಯವಸ್ಥೆಯ ಕೆಲವು ಆಂತರಿಕ ಕಡತಗಳಿಗೂ ಒಂದೇ ಹೆಸರಿರುವುದರಿಂದ ಪಟ್ಟಿಯನ್ನು ಕಣ್ಣುಮುಚ್ಚಿ ಅಳಿಸಬಾರದು. ನಾವು ಒಂದೊಂದನ್ನೂ ತೆರೆದು ನೋಡಿದೆವು. ಅವುಗಳಲ್ಲಿ ಡಿಸೆಂಬರ್ ತಿಂಗಳ ಜೆಮಿನಿಡ್ ಉಲ್ಕಾವೃಷ್ಟಿಯ ಮೂರು ರಾತ್ರಿಗಳ ಚಿತ್ರಗಳಿದ್ದವು. ಅವುಗಳ ಪ್ರತಿಯು ಬೇರೆಡೆ ಇದೆಯೆಂದು ನಾನು ನಂಬಿದ್ದೆ, ಎಲ್ಲಿಯೂ ಇರಲಿಲ್ಲ. ಅವನ್ನು ಅಜ್ಜಂಪುರಕ್ಕೂ ತರೀಕೆರೆಗೂ ಒಂದೊಂದು ಪ್ರತಿ ಮಾಡಿಟ್ಟು, ಆಮೇಲೆ ಅನಾಥ ಕಡತಗಳನ್ನು ತೆಗೆದೆವು. ಡಿಎಫ್ ಈಗ ಕಡೂರಿನಲ್ಲಿ 335 ಗಿಗಾಬೈಟ್ ಬಿಡುವನ್ನು ತೋರಿಸಿತು. ಆ ಜುಲೈ ರಾತ್ರಿಯ ಮಳೆಯ ಪಟ್ಟಿಯಲ್ಲಿ ಮಾತ್ರ ಐದು ಗಂಟೆಗಳ ಜಾಗ ಖಾಲಿಯಾಗಿಯೇ ಉಳಿದಿದೆ.